ಉಳಿ ಹಿಡಿದ ಕೈ

ಕೋಲಾರದ ಆಸ್ಪತ್ರೆಯಲ್ಲಿ ಮಾತ್ರೆಗಾಗಿ ಸಾಲು ನಿಂತಿದ್ದ ದಿಲ್ಷಾದ್‌ಗೆ, ಮುಂದಿದ್ದ ಎಳೆ ವಯಸ್ಸಿನ ಹೆಂಗಸು ಮತ್ತು ಒಬ್ಬ ಮುದುಕಿಯ ಮಾತು ಕಿವಿಗೆ ಬಿತ್ತು.

“ಯಾರಿಗಮ್ಮ ಮಾತ್ರೆ?” ಮುದುಕಿ ಕೇಳಿದಳು.

“ನಮ್ಮನೆಯೋರಿಗೆ ಅಜ್ಜಿ. ಫಿಟ್ಸು.”

“ಅದಕ್ಯಾಕೆ ಮಾತ್ರೆ? ಬಂದಾಗ ಕೈಗೆ ಕಬ್ಬಿಣ ಕೊಡು, ನಿಂತೋಗ್ತದೆ.”

“ಅವ್ರು ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತೋರು. ದಿನವೆಲ್ಲಾ ಒಂದ್ ಕೈಲಿ ಉಳಿ, ಇನ್ನೊಂದ್ರಲ್ಲಿ ಸುತ್ತಿಗೆ. ಆದ್ರೂ ಬಂತಲ್ಲ!”

ದಿಲ್ಷಾದ್ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಮುದುಕಿ ಸೋಲಲಿಲ್ಲ.

“ಹಂಗಾದ್ರೆ ದೇವ್ರಿಗೆ ಕೈ ಮುಗೀಬೇಕಿತ್ತು.”

“ಬಿದ್ದಿದ್ದೇ ಗಣೇಶನ ಮೇಲೆ. ಅವನಿಗಿದ್ದ ಒಂದು ದಂತಾನೂ ಮುರೀತು, ನಮ್ಮೋರ ಹಲ್ಲೂ ಮುರೀತು.”

“ಈಗ?”

“ಮಾತ್ರೆ ಶುರು ಮಾಡಿದ್ಮೇಲೆ ಒಂದ್ಸಲಾನೂ ಬಂದಿಲ್ಲ. ಆದ್ರೆ ಒಂದಿನಾನೂ ಬಿಡಂಗಿಲ್ಲ. ನಮ್ಮೂರಲ್ಲಿ ಸಿಗಲ್ಲ, ಅದಕ್ಕೇ ಎರಡು ಬಸ್ಸು ಹತ್ತಿ ಬರ್ತೀನಿ.”

ಮುದುಕಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

“ನಮ್ ಮೊಮ್ಮಗಳಿಗೂ ಬರ್ತದಮ್ಮ. ಗಂಡು ಸಿಗಲ್ಲ ಅಂತ ಯಾರ್ಗೂ ಹೇಳಿಲ್ಲ. ಈ ಮಾತ್ರೆ ಬರ್ಕೊಟ್ಟ ಡಾಕ್ಟ್ರು ಎಲ್ಲಿ ಕೂತ್ಕೋತಾರೆ?”

ಅಷ್ಟರಲ್ಲಿ ಕಿಟಕಿಯಿಂದ ಮಾತ್ರೆ ಬಂತು. ಹೆಂಗಸು ಅದನ್ನು ಚೀಲಕ್ಕೆ ಹಾಕಿಕೊಂಡಳು.

“ಬಾ ಅಜ್ಜಿ, ತೋರಿಸ್ತೀನಿ.”

ಮುದುಕಿ ತನ್ನ ಮಂಡಿನೋವಿನ ಮಾತ್ರೆಯನ್ನೂ ಮರೆತು, ದಿಲ್ಷಾದ್‌ಗೆ ಜಾಗ ಬಿಟ್ಟು, ಆ ಹೆಂಗಸಿನ ಹಿಂದೆ ದಡದಡನೆ ಮೆಟ್ಟಿಲು ಹತ್ತಿದಳು.