ಹೊಸದೋ, ಬಳಸಿದ್ದೋ

ಶಿರಹಟ್ಟಿ ಬಸ್ ನಿಲ್ದಾಣದಲ್ಲಿ ಲಕ್ಷ್ಮೇಶ್ವರದ ಬಸ್ಸಿಗೆ ಕಾಯುತ್ತಿದ್ದ ಬೆಟಗೇರಿಯ ನೇಕಾರಗಿತ್ತಿ ಲಕ್ಷ್ಮೀದೇವಿಯ ಕಿವಿ ಪಕ್ಕದ ಬೆಂಚಿನತ್ತ ಹೊರಳಿತು. ಅಲ್ಲಿ ಮುದುಕಿಯೊಬ್ಬಳ ತೊಡೆಯ ಮೇಲೆ ಮಡಚಿದ ಕೌದಿ, ಜೊತೆಗಿದ್ದ ಹುಡುಗಿಯ ಕೈಯಲ್ಲಿ ಮೊಬೈಲು.

“ಕೌದಿ ಯಾಕ ತಿರುಗಿ ಕಳಿಸ್ಯಾರ, ಯಾಸ್ಮೀನ?”

“ಹಳೀ ಸೀರಿ ಹಾಕಿ ಹೊಲದಾರ ಅಂತ, ದ್ಯಾಮವ್ವಾಯಿ. ಬಳಸಿದ ಅರಿವಿ ಮಾರಬಾರದು ಅಂತ ಆನ್‌ಲೈನ್ ಅಂಗಡಿಯವರ ನಿಯಮ ಐತ್ರಿ.”

“ಹಳೀ ಸೀರಿ ಇಲ್ದ ಕೌದಿ ಹೆಂಗ ಆಗತೈತಿ? ನೀ ಅದನ್ನ ಬರದಿರಲಿಲ್ಲೇನು?”

“ಹೊಸಾದೋ, ಬಳಸಿದ್ದೋ ಅಂತ ಕೇಳಿತ್ತು. ಹೊಸಾದು ಅಂತ ಒತ್ತೀನ್ರಿ.”

ದ್ಯಾಮವ್ವ ಕೌದಿಯ ಮೇಲೆ ಅಂಗೈ ಇಟ್ಟಳು.

“ನನ್ನ ಕೈಕೆಲಸದ ಮ್ಯಾಲೆ ಸುಳ್ಳ ಹೇಳಿದಿ.”

“ತಪ್ಪಾತ್ರಿ. ಇನ್ನೊಂದ ಸಲ ಹಿಂಗಾದ್ರ ಆನ್‌ಲೈನಿನ್ಯಾಗಿನ ನಮ್ಮ ಅಂಗಡೀನ ಮುಚ್ತಾರ. ಅದಕ್ಕ ಇವತ್ತ ಗದಗಿನ್ಯಾಗ ಹೊಸಾ ಸೀರಿ ತೊಗೊಳ್ಳೂಣು, ಅದರಾಗ ಹೊಲೀರಿ.”

“ಹೊಸಾ ಅರಿವಿ ಕೌದ್ಯಾಗ ಮಲಗೂ ಕೂಸಿನ ಮೈಗೆ ಚುಚ್ಚತೈತಿ.”

ಹೌದೆಂದುಕೊಂಡಳು ಲಕ್ಷ್ಮೀದೇವಿ. ಗಂಜಿ ಬಿಡದ ಸೀರೆಯ ಬಿರುಸು ಅವಳ ಬೆರಳಿಗೆ ಗೊತ್ತಿತ್ತು.

“ಮತ್ತ ಏನ ಮಾಡೂದ್ರಿ?”

ಗದಗಿನ ಬಸ್ಸು ಬಂದು ನಿಂತಿತು. ಮುದುಕಿ ಕೌದಿಯನ್ನು ಎದೆಗವಚಿಕೊಂಡು ಎದ್ದಳು.

“ತೊಗೊಳ್ಳೂಣು ನಡಿ. ಒಂದ ವರ್ಷ ನೀ ಉಡು, ಒಗಿ, ಮೆತ್ತಗ ಮಾಡು. ಆಮ್ಯಾಲೆ ತೊಗೊಂಡ ಬಾ, ಹೊಲೀತೀನಿ.”