ಶೇಕಡಾ ನೂರರ ಹಾಜರಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಸಹೋದ್ಯೋಗಿ ಬಂಧುಗಳೇ, ಇಂದಿಗೂ ಹಿಂದಿನ ಬೆಂಚನ್ನೇ ಹುಡುಕಿ ಕುಳಿತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ಹನ್ನೆರಡು ವರ್ಷ ಒಂದೇ ಸಮನೆ ಶೇಕಡಾ ನೂರು ಹಾಜರಿ ತೋರಿಸಿದ ಮೇಷ್ಟ್ರು ಎಂದು ಇಲಾಖೆ ನನ್ನನ್ನು ಮೂರು ವಾರ ಹೊರದೇಶಕ್ಕೆ ಕಳಿಸಿತು. ಇಂದು ನೀವು ಸನ್ಮಾನವನ್ನೂ ಮಾಡಿದ್ದೀರಿ. "ಅಲ್ಲಿನ ಶಾಲೆಗೂ ನಮ್ಮದಕ್ಕೂ ಏನು ವ್ಯತ್ಯಾಸ ಅಂತ ಹತ್ತು ನಿಮಿಷ ಹೇಳಿ, ಜಾಸ್ತಿ ಕೊರೀಬೇಡಿ" ಎಂದು ಅಧ್ಯಕ್ಷರ ಅಪ್ಪಣೆ. ಮೂವತ್ತು ವರ್ಷ ಕೊರೆದವನಿಗೆ ಇದು ಕಷ್ಟವೇ.

ಅಲ್ಲಿ ತರಗತಿಗೆ ಇಪ್ಪತ್ತೆರಡು ಮಕ್ಕಳು, ನಮ್ಮಲ್ಲಿ ಐವತ್ತೆಂಟು. ಅಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಮೇಷ್ಟ್ರು "ಗೊತ್ತಿಲ್ಲ" ಎನ್ನುತ್ತಾರೆ, ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಲೆಕ್ಕದಲ್ಲಿ ನಮ್ಮ ಮಕ್ಕಳೇ ಮುಂದು. ಎದೆ ತಟ್ಟಿ ಹೇಳುತ್ತೇನೆ. ಇರಲಿ, ಚಪ್ಪಾಳೆ ಸಾಕು.

ನಾನು ಹೇಳಬೇಕಾದ ವ್ಯತ್ಯಾಸ ಒಂದೇ. ಅಲ್ಲಿ ಬಾಗಿಲ ಪಕ್ಕದ ಚಿಕ್ಕ ಕೋಣೆಯಲ್ಲಿ ಒಬ್ಬಳು ಗುಮಾಸ್ತೆ ಇರುತ್ತಾಳೆ. ಪಾಠ ಶುರುವಾಗಿ ಹತ್ತು ನಿಮಿಷಕ್ಕೆ, ಬಾರದ ಮಕ್ಕಳ ಪಟ್ಟಿ ಅವಳ ಮೇಜಿನ ಮೇಲಿರುತ್ತದೆ. ಒಂದೊಂದು ಮನೆಗೂ ಫೋನ್ ಮಾಡುತ್ತಾಳೆ. ನಾನು ಹೋದ ದಿನ ಒಬ್ಬ ಹುಡುಗಿ ಬಂದಿರಲಿಲ್ಲ. "ನಿಮ್ಮ ಮಗಳು ಇನ್ನೂ ತಲುಪಿಲ್ಲ, ಎಲ್ಲಿದ್ದಾಳೆ?" ಎಂದಳು. "ಹಲ್ಲುನೋವು, ಮಲಗಿದ್ದಾಳೆ" ಎಂದರು ತಂದೆ. ಇಷ್ಟೇ. ನಾನು ಅಲ್ಲೇ ಬೆಂಚಿನ ಮೇಲೆ ಮುದುಡಿ ಕುಳಿತುಬಿಟ್ಟೆ. ಪಾಪ, ಚಳಿಯೆಂದುಕೊಂಡು ಆಕೆ ತನ್ನ ಕೋಟು ಹೊದಿಸಿದಳು.

ನಾವು ಏನು ಮಾಡುತ್ತೇವೆ? ಸಹೋದ್ಯೋಗಿಗಳು ನೆಲ ನೋಡಬೇಡಿ. ಇನ್‌ಸ್ಪೆಕ್ಟರು ಯಾವ ಗಳಿಗೆಯಲ್ಲಿ ಬರುತ್ತಾರೋ ಎಂದು, ಮಕ್ಕಳ ಮುಖ ನೋಡುವ ಮೊದಲೇ, ಟೀ ಕುಡಿಯುತ್ತಾ ಎಲ್ಲರೂ ಹಾಜರು ಎಂದು ಬರೆದುಬಿಡುತ್ತೇವೆ. ಇದರಿಂದ ಯಾರ ಗಂಟು ಹೋಗುತ್ತದೆ? ನಾನೂ ಹಾಗೆಯೇ ಅಂದುಕೊಂಡಿದ್ದೆ.

ಹನ್ನೊಂದು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಒಬ್ಬಳಿದ್ದಳು. ಮಾತಿನಮಲ್ಲಿ ಎಂದೇ ಕರೆಯುತ್ತಿದ್ದೆ. ನಮ್ಮ ಶಾಲೆಯ ಸಮವಸ್ತ್ರ ಹೊಲಿಯುವ ತಾಯಿಯ ಒಬ್ಬಳೇ ಮಗಳು. ಒಂದು ಸಂಜೆ ಆ ತಾಯಿ, ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಹಾಗೆಯೇ, ಓಡಿಬಂದರು. "ಮೇಷ್ಟ್ರೇ, ಮಗು ಇನ್ನೂ ಮನೆಗೆ ಬಂದಿಲ್ಲ." ನಾನು ಹಾಜರಿ ಪುಸ್ತಕ ತೆರೆದು ತೋರಿಸಿದೆ. "ಶಾಲೆಗೆ ಬಂದಿದ್ಲಲ್ಲ ತಾಯಿ, ಇಲ್ಲೇ ಇದೆ ನೋಡಿ." ಅಂದು ಅವಳ ಜಾಗ ಖಾಲಿಯಿತ್ತೇ? ಇತ್ತು. ತರಗತಿ ಬಿಕೋ ಎನ್ನುತ್ತಿದ್ದುದೂ ನೆನಪಿದೆ. ಆದರೆ ಬರೆದದ್ದು ಬರೆದಾಗಿತ್ತು. ಕತ್ತಲಾಗುವುದರೊಳಗೆ ಬರುತ್ತಾಳೆ ಬಿಡು ಎಂದುಕೊಂಡೆ.

ಪೊಲೀಸರು ನನ್ನ ಪುಸ್ತಕ ನಂಬಿ, ಶಾಲೆ ಬಿಟ್ಟ ಮೇಲಿನ ದಾರಿಯನ್ನೆಲ್ಲ ಜಾಲಾಡಿದರು. ಬಸ್ ನಿಲ್ದಾಣ ಹುಡುಕಿದರು, ಮಾರುಕಟ್ಟೆ ಹುಡುಕಿದರು. ಬೆಳಿಗ್ಗೆ ತಡವಾದಾಗ ಮಾತ್ರ ಅವಳು ಹಿಡಿಯುತ್ತಿದ್ದ ಅಡ್ಡದಾರಿಯಲ್ಲಿ, ಹೊಸ ಕಟ್ಟಡದ ಹಿಂದೆ, ನೀರಿನ ತೊಟ್ಟಿಗೆಂದು ತೋಡಿದ್ದ ಗುಂಡಿಯನ್ನು ಮೂರನೆಯ ದಿನ ನೋಡಿದರು. ಮೊದಲ ದಿನ ಸಂಜೆಯ ನಂತರವೂ ಜೀವವಿತ್ತು ಎಂದರು ಡಾಕ್ಟರು. ಅವಳು ಬಂದಿರಲಿಲ್ಲವೆಂದು ತರಗತಿಯ ಮಕ್ಕಳಿಗೆಲ್ಲ ಗೊತ್ತಿತ್ತು. ಪುಸ್ತಕ ಇರುವಾಗ ಮಕ್ಕಳನ್ನು ಯಾರು ಕೇಳುತ್ತಾರೆ?

ಚೀಲದಲ್ಲಿ ಊಟದ ಡಬ್ಬಿ ತುಂಬಿದ ಹಾಗೆಯೇ ಇತ್ತು. ತಾಯಿ ಅದನ್ನು ನನ್ನ ಮುಂದೆ ತಂದಿಟ್ಟರು. "ಬೆಳಿಗ್ಗೆ ಒಂದೇಟು ಕೊಟ್ಟು ಕಳಿಸಿದ್ದೆ. ಆ ಸಿಟ್ಟಿಗೇ ಮಧ್ಯಾಹ್ನ ಊಟ ಮಾಡ್ಲಿಲ್ವಾ ಮೇಷ್ಟ್ರೇ? ನೀವು ನೋಡಿರ್ತೀರಿ." ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿಲ್ಲ. ಅವರು ಹೌದೆಂದೇ ತಿಳಿದರು. ಅಂದಿನಿಂದ ಇಂದಿನವರೆಗೆ ಅವರು ಮಧ್ಯಾಹ್ನದ ಊಟ ಮುಟ್ಟಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಆ ತಾಯಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ನಾನೇ ಹೋಗಿ ಕರೆದುತಂದೆ. ಮನೆಯಲ್ಲೇ ಹೇಳಬಹುದಿತ್ತು, ಬಾಯಿ ಬರಲಿಲ್ಲ.

ತಾಯಿ, ಅವಳು ನಿಮ್ಮ ಮೇಲಿನ ಸಿಟ್ಟಿಗೆ ಊಟ ಬಿಟ್ಟದ್ದಲ್ಲ. ಅಂದು ಊಟದ ಬೆಲ್ ಹೊಡೆದಾಗ ಅವಳು ಶಾಲೆಯಲ್ಲೇ ಇರಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು.

ತಾಳ್ಮೆಯಿಂದ ಕೇಳಿದ ತಮಗೆಲ್ಲ ನಾನು ಋಣಿ. ನಮಸ್ಕಾರ.