ಬಾವಿಯಿಂದ ಬಾಗಿಲಿಗೆ

ಕೊನೆಯ ಬಸ್ಸಿಳಿದು ಮೋಟೆಬೆನ್ನೂರಿನಲ್ಲಿ ನಡೆಯುತ್ತಿದ್ದೆ. ಕರೆಂಟಿರಲಿಲ್ಲ. ಚಿಗವ್ವ ದ್ರಾಕ್ಷಾಯಿಣಿಯ ಮನೆ ಊರ ಅಂಚಿಗಿದೆ. ಮನೆಯ ಮುಂದೆ ಬಯಲು, ಬಯಲಿನಾಚೆ ಹಾಳು ಬಾವಿ. ಬಾವಿ ದಾಟುವಾಗ ಹಿಂದೆ ಕೇಳಿಸಿತು... ಚರಕ್... ಚರಕ್... ಒದ್ದೆ ಉಸುಕಿನಲ್ಲಿ ಚಪ್ಪಲಿ ಎಳೆದಂತೆ. ನಾನು ನಿಂತೆ. ಅದೂ ನಿಂತಿತು.

ಅಲ್ಲಿ ಇರುವುದು ಎರೆಮಣ್ಣು. ಉಸುಕಿಲ್ಲ.

ಚಿಗವ್ವನ ಮಗಳು ಸುಚಿತ್ರಾ ಕತ್ತಲಲ್ಲೇ ಹೊಸ್ತಿಲ ಮೇಲೆ ಕೂತಿದ್ದಳು. ಪಿಸುಗುಟ್ಟಿದಳು.

"ಅಣ್ಣಾ, ಬಾವಿಯಿಂದ ಇಲ್ಲೀತನಕ ಎಷ್ಟ ಹೆಜ್ಜಿ ಆದವು?"

"ಯಾರ್ ಎಣಸ್ತಾರವಾ ಇಷ್ಟೊತ್ತಿನ್ಯಾಗ?"

"ಆಕಿ ಎಣಸ್ತಾಳ."

ಒಳಗಿನಿಂದ ಚಿಗವ್ವ ಅಂದಳು: "ಪರದೇಶಕ್ಕ ಹೋಗಿ ಎಣಸೂದೊಂದು ಕಲ್ತು ಬಂದಾಳ. ಒಳಗ ಬಾರೋ, ರೊಟ್ಟಿ ಆರಾಕತ್ತಾವು."

ಸುಚಿತ್ರಾ ಇಂಗ್ಲೆಂಡಿನಲ್ಲಿ ಮುದುಕರ ಆರೈಕೆಯ ಕೆಲಸಕ್ಕಿದ್ದವಳು, ನಾಲ್ಕು ತಿಂಗಳ ಹಿಂದೆ ಹೇಳದೆ ಕೇಳದೆ ವಾಪಸು ಬಂದಿದ್ದಳು. ಯಾಕೆಂದು ಆ ರಾತ್ರಿ ಹೇಳಿದಳು.

ಅದು ಸಮುದ್ರದಂಡೆಯ ಒಂದು ಹಳ್ಳಿ. ದಂಡೆಯ ಎತ್ತರದ ಮಣ್ಣುಗೋಡೆ ವರ್ಷ ವರ್ಷ ಕುಸಿದು ಹಳ್ಳಿಯನ್ನು ಕಡಲು ತಿನ್ನುತ್ತಿತ್ತು. ಡಾಂಬರು ರಸ್ತೆ ನಡುವೆಯೇ ಮುರಿದು ಗಾಳಿಯಲ್ಲಿ ನಿಂತಿತ್ತಂತೆ. ಕೊನೆಯ ಮನೆಯಲ್ಲಿ ಡೋರೀನ್ ಎಂಬ ಎಂಬತ್ತೆಂಟರ ಮುದುಕಿ ಒಬ್ಬಳೇ. ದಿನಾ ಬೆಳಿಗ್ಗೆ ಹಿತ್ತಿಲ ಬಾಗಿಲಿನಿಂದ ದಂಡೆಯ ತುದಿಯವರೆಗೆ ಹೆಜ್ಜೆ ಎಣಿಸಿ ಮನೆಯೊಳಗಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುವಳು. ಸುಚಿತ್ರಾ ಹೋದ ಮೊದಲ ದಿನ ಕೈಹಿಡಿದು ತುದಿಗೆ ಕರೆದೊಯ್ದಳು. ಅರವತ್ತೆರಡು ಹೆಜ್ಜೆ. ಅವರ ಕಣ್ಣೆದುರೇ ಮಣ್ಣಿನ ಹೆಂಟೆಯೊಂದು ಕಳಚಿತು. ದೊಪ್... ಒಂದು ಉಸಿರಿನಷ್ಟು ಹೊತ್ತಾದ ಮೇಲೆ ಕೆಳಗೆ ನೀರು... ಬುಳಕ್.

ಚಳಿಗಾಲ ಬರುವಷ್ಟರಲ್ಲಿ ಹತ್ತೊಂಬತ್ತಕ್ಕೆ ಇಳಿಯಿತು. ಮನೆ ಬಿಡಬೇಕೆಂದು ನೋಟಿಸು ಬಂತು. ಡೋರೀನ್ ಕದಲಲಿಲ್ಲ. ಮದುವೆಯಾಗಿ ಬಂದ ಮನೆ, ಅದು ಹೋಗುವಾಗ ಒಂಟಿಯಾಗಿ ಹೋಗಬಾರದು, ನಾನು ನೋಡುತ್ತ ನಿಂತಿರಬೇಕು ಅಂದಳು. ಬೇರೇನೂ ಕೇಳಲಿಲ್ಲ. ಅವಳ ಮಗ ಸುಚಿತ್ರಾಳಿಗೆ ಹೇಳಿದ: ನಿನ್ನ ಮಾತನ್ನು ನಂಬುತ್ತಾಳೆ, ನೀನೇ ಹೊರಡಿಸು.

ಡಾಕ್ಟರ ಹತ್ತಿರ ಹೋಗಿ ಸಂಜೆಗೆ ಮರಳೋಣ ಎಂದಳು ಸುಚಿತ್ರಾ. ಮುದುಕಿ ನಿಜವೇ ಎಂದು ಕೇಳಿದಳು. ಮನೆಯಲ್ಲಿ ಅವ್ವನಿಗೆ ಮಾಡುವಂತೆಯೇ ಇವಳು ಆ ಬಿಳಿ ತಲೆಯ ಮೇಲೆ ಅಂಗೈ ಇಟ್ಟು ಆಣೆ ಮಾಡಿದಳು.

ಆಣೆ ಸುಳ್ಳಾದರೆ ತಲೆ ಕೊಟ್ಟವರು ಉಳಿಯುವುದಿಲ್ಲ. ನಮ್ಮ ಕಡೆ ಮಕ್ಕಳಿಗೂ ಇದು ಗೊತ್ತು.

"ಅಲ್ಲಿ ನಮ್ಮ ಆಣಿ ಯಾರ್ ಕೇಳ್ತಾರ ಅಂತ ಮಾಡಿದ್ನಿ, ಅಣ್ಣಾ."

ಕಾರು ವೃದ್ಧಾಶ್ರಮದ ಮುಂದೆ ನಿಂತಿತು. ಡೋರೀನ್ ಕೂಗಾಡಲಿಲ್ಲ. "ನೀನೂ?" ಎಂದಳು, ಅಷ್ಟೇ. ಆ ರಾತ್ರಿ ದೊಡ್ಡ ಗಾಳಿ ಎದ್ದಿತು. ಬೆಳಗಾಗುವಾಗ ದಂಡೆಯಲ್ಲಿ ಮನೆಯೂ ಇರಲಿಲ್ಲ, ಆಶ್ರಮದಲ್ಲಿ ಅವಳ ಉಸಿರೂ ಇರಲಿಲ್ಲ.

"ಇಲ್ಲಿಗೆ ಬಂದ ದಿನ ಬಾವಿಯಿಂದ ಬಾಗಲಕ ನಲವತ್ತ ಹೆಜ್ಜಿ ಇತ್ತು," ಎಂದಳು ಸುಚಿತ್ರಾ. "ಈಗ ಒಂದೊಂದ ಕಡಿಮಿ ಆಗಾಕತ್ತೈತಿ. ನನ್ನ ತಲೀನ ಕೆಟ್ಟಿರಬೇಕು. ಮುಂಜಾನೆ ನೀ ಎಣಸು. ಖರೇನ ಕಡಿಮಿ ಇದ್ರ ಅವ್ವನ್ನ ಕರ್ಕೊಂಡು ಹಾವೇರಿಗೆ ಹೋಗಿಬಿಡ್ತೀನಿ."

ಬೆಳಿಗ್ಗೆ ಅವಳು ಹೊರಗೆ ಬರುವ ಮೊದಲೇ ಎಣಿಸಿದೆ. ಮೂವತ್ತೊಂದು. ಮತ್ತೆ ಎಣಿಸಿದೆ. ಮೂವತ್ತೊಂದೇ.

ಚಿಗವ್ವ ಅಂಗಳಕ್ಕೆ ನೀರು ಹಾಕುತ್ತಿದ್ದಳು. "ಎಷ್ಟರ ಇರ್ಲಿ, ನಲವತ್ತ ಅಂತ ಹೇಳೋ ತಮ್ಮಾ. ಹುಡುಗಿ ನಿದ್ದಿ ಕಂಡು ತಿಂಗಳಾತು. ಮನೀ ಬಿಟ್ಟು ಎಲ್ಲಿ ಹೋಗೂಣು?"

ಸುಚಿತ್ರಾ ಹೊರಗೆ ಬಂದಳು.

"ಎಷ್ಟು?"

"ನಲವತ್ತು."

ಅವಳು ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಈಗ ಹೇಳು."

ಹೇಳಿದೆ.

ಆ ರಾತ್ರಿ ಅವಳು ನಿದ್ದೆ ಮಾಡಿದಳು. ನಾನು ಪಡಸಾಲೆಯಲ್ಲಿ ಎಚ್ಚರವಿದ್ದೆ. ಚಪ್ಪಲಿಯ ಸದ್ದು ಬರಲಿಲ್ಲ. ನಡುರಾತ್ರಿ ದಾಟಿದ ಮೇಲೆ ಒಮ್ಮೆ, ಬಾಗಿಲಿನ ಹತ್ತಿರದಲ್ಲೇ... ದೊಪ್... ಒಂದು ಉಸಿರು... ಬುಳಕ್.

ಬೆಳಿಗ್ಗೆ ಎಣಿಸಿದೆ. ಹತ್ತೊಂಬತ್ತು. ಬಾವಿ ಇದ್ದಲ್ಲೇ ಇತ್ತು, ಬಯಲಿನ ಬೇವಿನ ಮರವೂ. ತಿರುಗಿದರೆ ಸುಚಿತ್ರಾ ಬಾಗಿಲಲ್ಲಿ ನಿಂತು ನನ್ನ ಕಾಲುಗಳನ್ನೇ ನೋಡುತ್ತಿದ್ದಳು.

"ನೀನೂ, ಅಣ್ಣಾ?" ಎಂದಳು.

ಅಂದೇ ಅವ್ವ ಮಗಳು ಹಾವೇರಿಗೆ ಹೋದರು. ವಾರಕ್ಕೊಮ್ಮೆ ಚಿಗವ್ವನಿಗೆ ಫೋನ್ ಮಾಡುತ್ತೇನೆ. ಸುಚಿತ್ರಾಗೆ ಕೊಡು ಎಂದರೆ "ಮಲಗ್ಯಾಳ" ಅನ್ನುತ್ತಾಳೆ. ಹಗಲು ಮಾಡಿದರೂ ಅದೇ ಮಾತು.

ಇದು ನಡೆದದ್ದು. ಬಾವಿ ಅಲ್ಲೇ ಇದೆ, ಬೀಗ ಹಾಕಿದ ಮನೆಯೂ ಇದೆ. ಊರವರು ಎಣಿಸಿದರೆ ಈಗಲೂ ನಲವತ್ತೇ ಆಗುತ್ತದೆ. ನನ್ನ ಕಾಲಿಗೆ ಹತ್ತೊಂಬತ್ತು.